ಎಲ್ಲಕ್ಕಿಂತ ದುಬಾರಿ ಕೋರ್ಸು: ಹೆಲ್ಪರ್ ವೀಸಾ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಸಂಘದ ಫೋನಿಗೆ ಬಿಡುವಿಲ್ಲ. ಬಂಟ್ವಾಳದಿಂದ, ಪುತ್ತೂರಿನಿಂದ, ಉಳ್ಳಾಲದಿಂದ ಕರೆ. ಮಾತು ಹೆಚ್ಚುಕಡಿಮೆ ಒಂದೇ. "ಕಾಕ, ಹುಡುಗ ಹೇಗೋ ಪಾಸಾಗಿದ್ದಾನೆ. ಓದುವ ಜಾತಿ ಅಲ್ಲ ಅವನು. ಗಾಡಿ ಅಂದ್ರೆ ಜೀವ. ಅಲ್ಲಿ ಸನಾಯಾದಲ್ಲಿ ಯಾವುದಾದ್ರೂ ಗ್ಯಾರೇಜಿಗೆ ಒಂದು ವೀಸಾ ಮಾಡಿ ಕೊಡಿ."

ಗಾಡಿ ಅಂದರೆ ಜೀವ ಇರುವ ಹುಡುಗನಿಗೆ ಗಾಡಿಯ ವಿದ್ಯೆ ಕಲಿಸುವ ಬದಲು ವೀಸಾ ಹುಡುಕುವುದು ಯಾವ ನ್ಯಾಯ ಅಂತ ನಾವು ಕೇಳುತ್ತೇವೆ. ಆ ಕಡೆಯಿಂದ ಉತ್ತರ ತಯಾರಿರುತ್ತದೆ: "ಕೋರ್ಸಿಗೆಲ್ಲ ಎಲ್ಲಿಂದ ಖರ್ಚು ಮಾಡುವುದು ಕಾಕ? ಗ್ಯಾರೇಜಿನಲ್ಲಾದ್ರೆ ಕಲಿತ ಹಾಗೂ ಆಯ್ತು, ದುಡಿದ ಹಾಗೂ ಆಯ್ತು."

ಈ ಮಾತಿನ ಮೇಲೆಯೇ ನಮ್ಮ ಜಗಳ. ಇದನ್ನು ಬರೆಯುತ್ತಿರುವ ನಮ್ಮಲ್ಲಿ ಮೂವರು ಗ್ಯಾರೇಜಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಕಲಿತ ಹಾಗೂ ಆಯಿತು, ದುಡಿದ ಹಾಗೂ ಆಯಿತು ಎಂಬುದು ಎಷ್ಟು ನಿಜ ಅಂತ ಕಾರಿನ ಅಡಿಯಲ್ಲಿ ಮಲಗಿ ನೋಡಿದವರು. ಹೆಲ್ಪರ್ ವೀಸಾ ಪುಕ್ಕಟೆ ಕೋರ್ಸಲ್ಲ. ನಮ್ಮ ಸಮುದಾಯ ಇವತ್ತು ಮಕ್ಕಳಿಗೆ ಕೊಡಿಸುತ್ತಿರುವ ಕೋರ್ಸುಗಳಲ್ಲಿ ಅದರಷ್ಟು ದುಬಾರಿಯದ್ದು ಬೇರೆ ಇಲ್ಲ. ಬಾಯಿಮಾತಲ್ಲ, ಲೆಕ್ಕ ಕೊಡುತ್ತೇವೆ.

ಮೊದಲು ವಯಸ್ಸಿನ ಲೆಕ್ಕ. ಎಸ್ಸೆಸ್ಸೆಲ್ಸಿ ಮುಗಿಯುವಾಗ ಹುಡುಗನಿಗೆ ಹದಿನಾರು. ಹದಿನೆಂಟು ತುಂಬದೆ ಇಲ್ಲಿ ಗ್ಯಾರೇಜ್ ಕೆಲಸಕ್ಕೆ ವೀಸಾ ಸಿಗುವ ಮಾತೇ ಇಲ್ಲ. ಹಾಗಾದರೆ ನಡುವಿನ ಎರಡು ವರ್ಷ ಅವನು ಎಂತ ಮಾಡುತ್ತಾನೆ? ಇಷ್ಟವಿಲ್ಲದ ಪಿಯುಸಿಗೆ ಹೋಗಿ ಎರಡು ಸಬ್ಜೆಕ್ಟ್ ಬಾಕಿ ಇಟ್ಟುಕೊಳ್ಳುತ್ತಾನೆ. ಇಲ್ಲವೇ ಮೊಬೈಲ್ ಅಂಗಡಿಯಲ್ಲಿ ನಿಲ್ಲುತ್ತಾನೆ, ಭಾವನ ಪಿಕಪ್‌ನಲ್ಲಿ ಮೀನಿನ ಲೋಡಿಗೆ ಹೋಗುತ್ತಾನೆ. ಸರ್ಕಾರಿ ಐಟಿಐಯಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡಿಗೆ ಬೇಕಾದದ್ದು ಸರಿಯಾಗಿ ಅದೇ ಎರಡು ವರ್ಷ. ಹತ್ತನೇ ತರಗತಿ ಪಾಸಾದರೆ ಸಾಕು. ಅಂದರೆ ಐಟಿಐಗೆ ಕಳುಹಿಸಿದ ತಂದೆ ಗಲ್ಫಿನ ಒಂದು ದಿನದ ಸಂಬಳವನ್ನೂ ಕಳೆದುಕೊಳ್ಳುವುದಿಲ್ಲ. ಹುಡುಗ ಹೇಗಿದ್ದರೂ ಆ ಎರಡು ವರ್ಷ ಊರಿನಲ್ಲೇ ಇರುತ್ತಿದ್ದ. ನಮ್ಮ ಎಷ್ಟು ಮನೆಗಳಲ್ಲಿ ಈ ಸಣ್ಣ ವಿಷಯವನ್ನು ಯಾರೂ ಬೆರಳು ಮಡಚಿ ಎಣಿಸಿಲ್ಲ!

ಎರಡು ವರ್ಷಕ್ಕೆ ಬಸ್ಸು, ಯೂನಿಫಾರ್ಮು, ಟೂಲ್ಸು, ಮಧ್ಯಾಹ್ನದ ಊಟ, ಫೀಸು ಎಲ್ಲ ಸೇರಿ 60,000 ರೂಪಾಯಿ ಅಂತ ಇಟ್ಟುಕೊಳ್ಳಿ. ಧಾರಾಳವಾಗಿಯೇ ಇಟ್ಟಿದ್ದೇವೆ. ಐಟಿಐ ಸರ್ಟಿಫಿಕೇಟ್ ಇದ್ದವನಿಗೆ ಬರಿಗೈಯಲ್ಲಿ ಬಂದ ಹೆಲ್ಪರ್‌ಗಿಂತ ತಿಂಗಳಿಗೆ 300 ದಿರ್ಹಮ್ ಮಾತ್ರ ಹೆಚ್ಚು ಸಿಕ್ಕಿತು ಅನ್ನಿ. ದಿರ್ಹಮಿಗೆ 23 ರೂಪಾಯಿಯಂತೆ ಹಿಡಿದರೆ 6,900 ರೂಪಾಯಿ. ಒಂಬತ್ತು ತಿಂಗಳಲ್ಲಿ ಖರ್ಚು ವಾಪಸ್.

ಇನ್ನು ಡಿಪ್ಲೊಮಾ. ಇಲ್ಲಿ ವಿಷಯ ಅಷ್ಟು ಸುಲಭ ಇಲ್ಲ, ಆದ್ದರಿಂದ ನಿಧಾನ ಓದಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಆಟೊಮೊಬೈಲ್ ಡಿಪ್ಲೊಮಾ ಮೂರು ವರ್ಷ. ಮಂಗಳೂರಿನ ಕದ್ರಿ ಗುಡ್ಡದ ಕೆಪಿಟಿ 1946ರಿಂದ ಉಂಟು, ಅಲ್ಲಿ ಆಟೊಮೊಬೈಲ್ ವಿಭಾಗವೂ ಉಂಟು. ನಮ್ಮ ಮಕ್ಕಳು ಅದರ ಎದುರಿನ ರಸ್ತೆಯಲ್ಲೇ ಬಸ್ಸಿನಲ್ಲಿ ಹೋಗಿ ಬಂದು ವಿಮಾನ ಹತ್ತುತ್ತಾರೆ. ಡಿಪ್ಲೊಮಾ ಮುಗಿಸಿ ಒಂದು ವರ್ಷ ಯಾವುದಾದರೂ ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಅಪ್ರೆಂಟಿಸ್ ಆಗಿ ದುಡಿಯಲಿ ಎನ್ನುವುದು ನಮ್ಮ ಹಟ. ಯಾಕೆ ಅಂತ ಮುಂದೆ ಹೇಳುತ್ತೇವೆ. ಹಾಗೆ ಮಾಡಿದರೆ ಹುಡುಗ ಇಲ್ಲಿಗೆ ಬರುವಾಗ ಇಪ್ಪತ್ತು ವರ್ಷ. ಹೆಲ್ಪರ್ ಆಗಿ ಬಂದವನು ಹದಿನೆಂಟಕ್ಕೇ ಬಂದ. ಆ ಎರಡು ವರ್ಷದ ಸಂಬಳ ಡಿಪ್ಲೊಮಾದವನಿಗೆ ನಷ್ಟ. ಅದನ್ನೂ ಲೆಕ್ಕಕ್ಕೆ ಸೇರಿಸದೆ "ಓದಿಸಿ, ಓದಿಸಿ" ಅಂತ ವೇದಿಕೆಯಲ್ಲಿ ಭಾಷಣ ಮಾಡುವವರು ಬಡವನ ಮನೆ ನೋಡಿದವರಲ್ಲ.

ಹೆಲ್ಪರ್‌ಗೆ 1,200 ದಿರ್ಹಮ್ ಸಂಬಳ, ರೂಮು ಕಂಪೆನಿಯದ್ದು ಅಂತ ಇಟ್ಟುಕೊಳ್ಳೋಣ. ಊಟ, ಫೋನು, ಸಾಬೂನು, ಕ್ಷೌರ ಎಲ್ಲಕ್ಕೆ 500 ಹೋದರೆ ಊರಿಗೆ 700. ವರ್ಷಕ್ಕೆ 8,400 ದಿರ್ಹಮ್, ಅಂದರೆ 1,93,200 ರೂಪಾಯಿ. ಆದರೆ ಮೊದಲ ವರ್ಷ ಆ ಹಣ ಊರಿಗೆ ತಲುಪುತ್ತದಾ? ಏಜೆಂಟನಿಗೆ ಕೊಟ್ಟ 1,20,000 ತೀರಬೇಡವೇ? ಕಳೆದರೆ ಉಳಿದದ್ದು 73,200. ಎರಡನೇ ವರ್ಷ ಪೂರ್ತಿ 1,93,200. ಎರಡೂ ಸೇರಿ 2,66,400. ಇಷ್ಟು ಡಿಪ್ಲೊಮಾ ಹುಡುಗ ಕಳೆದುಕೊಂಡ ದುಡಿಮೆ. ಅಪ್ರೆಂಟಿಸ್ ವರ್ಷದಲ್ಲಿ ಅವನಿಗೆ ಸ್ಟೈಪೆಂಡ್ ಸಿಗುತ್ತದೆ. 2019ರ ನಿಯಮದಲ್ಲಿ ಡಿಪ್ಲೊಮಾದವನಿಗೆ ಕನಿಷ್ಠ 8,000 ರೂಪಾಯಿ ಇತ್ತು. ಅದನ್ನೇ ಹಿಡಿದರೆ ವರ್ಷಕ್ಕೆ 96,000. ಅದನ್ನು ಕಳೆಯಿರಿ, 1,70,400. ಮೂರು ವರ್ಷದ ಓದಿಗೆ, ಸರ್ಕಾರಿ ಕಾಲೇಜು ಅಂತ ಹಿಡಿದು, 90,000 ಸೇರಿಸಿ. ಸರ್ಟಿಫಿಕೇಟ್ ಅಟೆಸ್ಟೇಶನ್‌ಗೆ, ಓಡಾಟಕ್ಕೆ 20,000. ಒಟ್ಟು 2,80,400 ರೂಪಾಯಿ. ಆಟೊಮೊಬೈಲ್ ಡಿಪ್ಲೊಮಾದ ನಿಜವಾದ ಬೆಲೆ ಇದು.

ಈಗ ಇಪ್ಪತ್ತರಲ್ಲಿ ಅವನು ಟೆಕ್ನಿಷಿಯನ್ ಆಗಿ 2,200ಕ್ಕೆ ಬಂದ ಅನ್ನಿ. ಹೆಲ್ಪರ್ ಅಷ್ಟರಲ್ಲಿ 1,400 ತಲುಪಿದ್ದಾನೆ. ವ್ಯತ್ಯಾಸ 800 ದಿರ್ಹಮ್, 18,400 ರೂಪಾಯಿ. ಹದಿನಾರನೇ ತಿಂಗಳಿನಲ್ಲಿ ಡಿಪ್ಲೊಮಾದ ಇಡೀ ಬೆಲೆ ತೀರುತ್ತದೆ. ಅಲ್ಲಿಂದ ಮುಂದೆ ವ್ಯತ್ಯಾಸ ಹಾಗೆಯೇ ಇದ್ದರೂ ಪ್ರತಿ ವರ್ಷ 2,20,800 ರೂಪಾಯಿ ಹೆಚ್ಚು. ಹತ್ತು ವರ್ಷಕ್ಕೆ ಎಷ್ಟು ಅಂತ ನೀವೇ ಗುಣಿಸಿ. ಊರಿನಲ್ಲಿ ಕಟ್ಟಿ ಅರ್ಧಕ್ಕೆ ನಿಂತ ಮನೆಗಳ ಸ್ಲ್ಯಾಬಿನ ಹಣ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ.

ಇವು ನಾವು ಲೆಕ್ಕಕ್ಕಾಗಿ ಹಿಡಿದ ಸಂಖ್ಯೆಗಳು. ಓವರ್‌ಟೈಮ್ ಎರಡೂ ಕಡೆ ಬಿಟ್ಟಿದ್ದೇವೆ. ನಿಮ್ಮ ಮನೆಯ ಸಂಖ್ಯೆ ಬೇರೆ ಇದ್ದರೆ ಅದನ್ನೇ ಹಾಕಿ ನೋಡಿ. ವ್ಯತ್ಯಾಸ 800ರ ಬದಲು 400 ಮಾತ್ರ ಅಂತ ಹಿಡಿದರೂ ಎರಡೂವರೆ ವರ್ಷಕ್ಕೆ ಸಮ ಆಗುತ್ತದೆ. ವರ್ಷಕ್ಕೆ ಲಕ್ಷ ಖರ್ಚಾಗುವ ಖಾಸಗಿ ಕಾಲೇಜಾದರೆ 27 ತಿಂಗಳು ಬೇಕು. ಡಿಪ್ಲೊಮಾದವನೂ ಏಜೆಂಟನ ಕೈಗೆ ಸಿಕ್ಕಿ 1,20,000 ಕಳೆದುಕೊಂಡರೆ ಇನ್ನೂ ಆರೇಳು ತಿಂಗಳು ಸೇರಿಸಿ.

ಏಜೆಂಟನ ಮಾತು ಬಂತಲ್ಲ, ಅದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇವೆ. ಭಾರತದ ನಿಯಮದಂತೆ ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಯುಎಇಯ 2021ರ ಕಾರ್ಮಿಕ ಕಾನೂನಿನಲ್ಲಿ ನೇಮಕಾತಿ ಖರ್ಚನ್ನು ಮಾಲೀಕ ಕೆಲಸಗಾರನಿಂದ ವಸೂಲು ಮಾಡುವ ಹಾಗೇ ಇಲ್ಲ. ಹಾಗಿದ್ದರೂ ಲಕ್ಷದ ಮೇಲೆ ಕೊಡುವವರು ನಾವು, ತೆಗೆದುಕೊಳ್ಳುವವರಲ್ಲೂ ನಮ್ಮವರೇ. ಮಗನನ್ನು ಓದಿಸಲು ಹಣ ಇಲ್ಲ ಎನ್ನುವ ಮನೆಯಲ್ಲಿ ವೀಸಾಕ್ಕೆ ತಂಗಿಯ ಬಳೆ ಅಡವಿಡಲು ಯಾರೂ ಎರಡು ಸಲ ಯೋಚಿಸುವುದಿಲ್ಲ. ಐಟಿಐಯ ಎರಡು ವರ್ಷದ ಎರಡು ಪಟ್ಟು ಹಣ ಒಂದು ಸ್ಟಾಂಪಿಗೆ ಹೋಗುತ್ತದೆ. ವಿಸಿಟ್ ವೀಸಾದಲ್ಲಿ ತಂದು ಗ್ಯಾರೇಜಿನ ಹಿಂದಿನ ಬಾಗಿಲಿನಿಂದ ನುಗ್ಗಿಸುವ ಧೈರ್ಯವಂತರೂ ನಮ್ಮಲ್ಲಿದ್ದಾರೆ. ಅವರಿಗೆ ಒಂದು ಮಾತು: ಪರ್ಮಿಟ್ ಇಲ್ಲದವನನ್ನು ದುಡಿಸುವ ಮಾಲೀಕನಿಗೆ 2024ರ ತಿದ್ದುಪಡಿಯ ನಂತರ ದಂಡ 1 ಲಕ್ಷದಿಂದ 10 ಲಕ್ಷ ದಿರ್ಹಮ್. ಚೆಕಿಂಗ್ ಬಂದ ದಿನ ನಿಮ್ಮ ಹುಡುಗನನ್ನು ಮೊದಲು ಹೊರಗೆ ದೂಡುವವನು ಅದೇ ಮಾಲೀಕ.

ಇನ್ನು "ಗ್ಯಾರೇಜಿನಲ್ಲಿ ಕಲಿಯುತ್ತಾನೆ" ಎಂಬ ಮಾತು. ಕೆಲವರು ಕಲಿಯುತ್ತಾರೆ, ಇಲ್ಲ ಅನ್ನುವುದಿಲ್ಲ. ಒಳ್ಳೆಯ ಉಸ್ತಾದ್ ಸಿಕ್ಕಿದರೆ ಅದಕ್ಕಿಂತ ದೊಡ್ಡ ಕಾಲೇಜಿಲ್ಲ. ಆದರೆ ಸಿಗದಿದ್ದರೆ? ನಮ್ಮ ರೂಮಿನಲ್ಲಿ ಪುತ್ತೂರು ಕಡೆಯ ಹುಡುಗನೊಬ್ಬ ಇದ್ದ. ನಾಲ್ಕು ವರ್ಷ ಹೆಲ್ಪರ್. ಏನೇನು ಕಲಿತೆ ಮಗಾ ಅಂತ ಕೇಳಿದರೆ ಟಯರ್ ಬಿಚ್ಚುವುದು, ಆಯಿಲ್ ಇಳಿಸುವುದು, ಪಾರ್ಟ್ಸ್ ತೊಳೆಯುವುದು, ಎಲ್ಲರಿಗೂ ಚಾಯ ತರುವುದು ಅಂತ ನಗುತ್ತಿದ್ದ. ಇಂಜಿನ್ ಬಿಚ್ಚುವಾಗ ಮೆಕ್ಯಾನಿಕ್ ಅವನನ್ನು ಬೇಕಂತಲೇ ಅಂಗಡಿಗೆ ಕಳುಹಿಸುತ್ತಿದ್ದನಂತೆ. ಮೆಕ್ಯಾನಿಕ್‌ನದ್ದೂ ತಪ್ಪಲ್ಲ ಅನ್ನಿ, ಕೆಲಸ ಕಲಿಸಿದರೆ ಕಡಿಮೆ ಸಂಬಳದ ಹುಡುಗ ನಾಳೆ ಅವನ ಜಾಗಕ್ಕೇ ಬಂದು ಕೂರುತ್ತಾನೆ. ಆ ಹುಡುಗ ಆರನೇ ವರ್ಷಕ್ಕೆ ಬೆನ್ನು ನೋವು ಹಿಡಿದುಕೊಂಡು ಊರಿಗೆ ಹೋದ. ಈಗ ಆಟೋ ಓಡಿಸುತ್ತಾನೆ. ಆಟೋ ಓಡಿಸುವುದು ಕೆಳಗಿನ ಕೆಲಸ ಅಲ್ಲ. ಆದರೆ ಅದಕ್ಕೆ ಶಾರ್ಜಾದಲ್ಲಿ ಆರು ಬೇಸಿಗೆ ಸುಡಬೇಕಾಗಿತ್ತೇ?

ಆಗ ಯಾರಾದರೊಬ್ಬರು ಎದ್ದು ನಿಂತು ಹಾಜಾಕನ ಹೆಸರು ತೆಗೆಯುತ್ತಾರೆ. ಎಲ್ಲ ಊರಿಗೂ ಇಂಥ ಒಬ್ಬ ಹಾಜಾಕ ಇದ್ದಾರೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದು ಸನಾಯಾದಲ್ಲಿ ಮೂರು ಗ್ಯಾರೇಜ್ ಮಾಡಿದವರು. ಅವರ ಬಗ್ಗೆ ನಮಗೆ ಗೌರವ ಉಂಟು. ಅವರ ಕೈಯ ಅನ್ನ ತಿಂದವರು ನಮ್ಮಲ್ಲೂ ಇದ್ದಾರೆ. ಆದರೆ ಹಾಜಾಕ ಬಂದದ್ದು ಕಾರ್ಬೊರೇಟರಿನ ಕಾಲಕ್ಕೆ. ಇಂಜಿನಿನ ಸದ್ದು ಕಿವಿಗೆ ಕೇಳಿದರೆ ಸಾಕಿತ್ತು. ಇವತ್ತು ಗಾಡಿ ಒಳಗೆ ಬಂದ ಕೂಡಲೇ ಮೊದಲು ಸ್ಕ್ಯಾನರ್ ಸಿಗಿಸುವುದು. ಸ್ಕ್ರೀನಿನ ಮೇಲೆ ಬರುವ ಕೋಡ್ ಇಂಗ್ಲಿಷಿನಲ್ಲಿರುತ್ತದೆ. ಕೋಡ್ ಸೆನ್ಸರ್ ಕೆಟ್ಟಿದೆ ಅನ್ನುತ್ತದೆ, ನಿಜವಾಗಿ ಕೆಟ್ಟದ್ದು ಸೆನ್ಸರೋ, ಅದರ ವಯರಿಂಗೋ ಅಂತ ಮಲ್ಟಿಮೀಟರ್ ಹಿಡಿದು ನೋಡಬೇಕು. ದುಬೈ ರಸ್ತೆಯಲ್ಲಿ ಓಡುವ ಕ್ಯಾಮ್ರಿ ಟ್ಯಾಕ್ಸಿಗಳನ್ನು ನೋಡಿ, ಹೈಬ್ರಿಡ್. ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ 200 ವೋಲ್ಟಿಗೂ ಹೆಚ್ಚು ಹರಿಯುತ್ತದೆ. ಅಲ್ಲಿ 'ನೋಡಿ ಕಲಿತೆ' ಅಂತ ಕೈ ಹಾಕುವುದಕ್ಕಾಗುವುದಿಲ್ಲ, ಕೈ ಹಾಕಿದವನು ವಾಪಸ್ ಹೇಳಲು ಬರುವುದಿಲ್ಲ. ಹಾಜಾಕನನ್ನೇ ಕೇಳಿ, ಈಗ ಅವರು ಗ್ಯಾರೇಜಿಗೆ ಒಳ್ಳೆಯ ಸಂಬಳ ಕೊಟ್ಟು ಯಾರನ್ನು ಇಟ್ಟುಕೊಳ್ಳುತ್ತಾರೆ? ತಮ್ಮ ಹಾಗೆ ಐದನೇ ಕ್ಲಾಸಿನವನನ್ನಾ?

ಊರಿಗೆ ಮರಳಿ ಗ್ಯಾರೇಜ್ ಹಾಕುತ್ತೇನೆ ಎನ್ನುವವರಿಗೂ ಇದೇ ಮಾತು. ಭಾರತದಲ್ಲಿ 2020ರ ಏಪ್ರಿಲಿನಿಂದ ಬಿಎಸ್-6 ಬಂದ ಮೇಲೆ ಸ್ಕೂಟರಿನಲ್ಲೂ ಫ್ಯುಯೆಲ್ ಇಂಜೆಕ್ಷನ್. ಬಿ.ಸಿ. ರೋಡಿನ ಗ್ಯಾರೇಜಿಗೂ ಸ್ಕ್ಯಾನರ್ ಬೇಕು.

ಇಷ್ಟು ಹೇಳಿದ ಮೇಲೆ ಡಿಪ್ಲೊಮಾ ಹುಡುಗರ ಕಿವಿಯನ್ನೂ ಸ್ವಲ್ಪ ಹಿಂಡಬೇಕು. ಕಾಗದ ಉಂಟು, ಕೈಗೆ ಕೆಲಸ ಗೊತ್ತಿಲ್ಲ. ಗ್ರೀಸು ಕಂಡರೆ ಮುಖ ಸಿಂಡರಿಸುವವನು, "ನಾನು ಸೂಪರ್‌ವೈಸರ್ ಅಲ್ವಾ" ಎನ್ನುವವನು. ನಮ್ಮಲ್ಲೊಬ್ಬರು ಕೆಲಸಕ್ಕೆ ಶಿಫಾರಸು ಮಾಡಿದ ಡಿಪ್ಲೊಮಾ ಹುಡುಗ ಟ್ರೇಡ್ ಟೆಸ್ಟಿನಲ್ಲಿ ಮಲ್ಟಿಮೀಟರಿನ ವಯರನ್ನು ಎಲ್ಲಿ ಸಿಗಿಸುವುದು ಅಂತ ತಿಳಿಯದೆ ನಿಂತ. ಶಿಫಾರಸು ಮಾಡಿದವರ ಮರ್ಯಾದೆಯೂ ಹೋಯಿತು. ಅದಕ್ಕೇ ನಾವು ಅಪ್ರೆಂಟಿಸ್ ವರ್ಷಕ್ಕೆ ಹಟ ಹಿಡಿಯುವುದು. ಕಾಲೇಜಿನ ಮೂರು ವರ್ಷಕ್ಕೆ ಬೆಲೆ ಬರುವುದು ಆ ಒಂದು ವರ್ಷದಿಂದ. ಅದನ್ನು ಬಿಟ್ಟು ಬರುವ ಹುಡುಗನಿಗೆ ಇಲ್ಲಿ ಹೆಲ್ಪರ್ ಸಂಬಳವೇ ಗತಿ, ಆಗ ನಾವು ಮೇಲೆ ಹಾಕಿದ ಲೆಕ್ಕವೂ ಸುಳ್ಳಾಗುತ್ತದೆ.

ಲೆಕ್ಕ ಸುಳ್ಳಾಗುವ ದಾರಿ ಇನ್ನೆರಡು ಉಂಟು. ಒಂದು, 'ಆರು ತಿಂಗಳಲ್ಲಿ ಆಟೊಮೊಬೈಲ್ ಡಿಪ್ಲೊಮಾ, ಗಲ್ಫ್ ಜಾಬ್ ಗ್ಯಾರಂಟಿ' ಎಂಬ ಬೋರ್ಡು. ಬಸ್‌ಸ್ಟ್ಯಾಂಡಿನ ಮೇಲಿನ ಮಾಳಿಗೆಯಲ್ಲಿ ಒಂದು ಹಳೇ ಇಂಜಿನ್, ನಾಲ್ಕು ಚಾರ್ಟ್. ಫೀಸು ಕೇಳಿದರೆ ಸರ್ಕಾರಿ ಕಾಲೇಜಿನ ಮೂರು ವರ್ಷಕ್ಕಿಂತ ಹೆಚ್ಚು. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಸರ್ಟಿಫಿಕೇಟ್ ಕೊಡುವುದು ಯಾರು? ತಾಂತ್ರಿಕ ಶಿಕ್ಷಣ ಇಲಾಖೆಯ ಬೋರ್ಡೋ, ಐಟಿಐಯ ರಾಷ್ಟ್ರೀಯ ಸರ್ಟಿಫಿಕೇಟೋ, ಇಲ್ಲ ಅವರೇ ಪ್ರಿಂಟ್ ಹೊಡೆಸಿದ್ದೋ? ಯುಎಇಗೆ ಬರುವ ಸರ್ಟಿಫಿಕೇಟ್ ರಾಜ್ಯದ ಇಲಾಖೆ, ನಂತರ ನಮ್ಮ ವಿದೇಶಾಂಗ ಸಚಿವಾಲಯ, ನಂತರ ಯುಎಇ ರಾಯಭಾರ ಕಚೇರಿ, ಕೊನೆಗೆ ಇಲ್ಲಿಯ ವಿದೇಶಾಂಗ ಸಚಿವಾಲಯ, ಇಷ್ಟು ಮೆಟ್ಟಿಲು ಹತ್ತಬೇಕು. ಮಾಳಿಗೆಯ ಸರ್ಟಿಫಿಕೇಟ್ ಮೊದಲ ಮೆಟ್ಟಿಲಿನಲ್ಲೇ ಜಾರಿ ಬೀಳುತ್ತದೆ.

ಎರಡನೆಯದು ವೀಸಾದಲ್ಲಿ ಬರೆಯುವ ಹುದ್ದೆ. ಡಿಪ್ಲೊಮಾ ಇದ್ದೂ "ಯಾವುದಾದ್ರೂ ಒಂದು ವೀಸಾ ಸಾಕು" ಅಂತ ಕ್ಲೀನರ್, ಲೋಡರ್ ವೀಸಾದಲ್ಲಿ ಬಂದವರಿದ್ದಾರೆ. ಮಾರಾಯ್ರೆ, ಕಾಂಟ್ರ್ಯಾಕ್ಟ್ ಓದಿ. ಇಲ್ಲಿ ಸಚಿವಾಲಯ ಕೆಲಸಗಳನ್ನು ಒಂಬತ್ತು ಮಟ್ಟಗಳಾಗಿ ವಿಂಗಡಿಸಿದೆ. ಟೆಕ್ನಿಷಿಯನ್ ಒಂದು ಮಟ್ಟ, ಮೆಕ್ಯಾನಿಕ್ ಅದಕ್ಕಿಂತ ಕೆಳಗೆ, ಹೆಲ್ಪರ್ ಎಲ್ಲಕ್ಕಿಂತ ತಳದಲ್ಲಿ. 'ಕುಶಲ' ಎಂಬ ಪಟ್ಟಿಯಲ್ಲಿ ಸೇರಲು ಅಟೆಸ್ಟ್ ಆದ ಸರ್ಟಿಫಿಕೇಟೂ ಬೇಕು, ಸಂಬಳ 4,000 ದಿರ್ಹಮ್ ಆದರೂ ಇರಬೇಕು. ಮೊದಲ ದಿನವೇ ಅದು ಸಿಗುವುದಿಲ್ಲ. ಆದರೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೂ 4,000 ಸಂಬಳ, ಇಲ್ಲವೇ 3,000 ಮತ್ತು ವಾಸದ ವ್ಯವಸ್ಥೆ ಬೇಕು. ಅಲ್ಲಿಗೆ ಏರುವ ಏಣಿ ಟೆಕ್ನಿಷಿಯನ್ ಕಡೆಯಲ್ಲಿ ಉಂಟು, ಹೆಲ್ಪರ್ ಕಡೆಯಲ್ಲಿ ಇಲ್ಲ. ನಮ್ಮ ಓದುಗರಲ್ಲಿ ಅರ್ಧದಷ್ಟು ಜನ ಮಕ್ಕಳು ದೊಡ್ಡವರಾಗುವುದನ್ನು ವಿಡಿಯೋ ಕಾಲಿನಲ್ಲಿ ನೋಡಿದವರು. ಇದಕ್ಕಿಂತ ಹೆಚ್ಚು ವಿವರಿಸುವುದು ಬೇಡ.

ಸರ್ವಿಸ್ ಹಣದ ಲೆಕ್ಕವೂ ಬೇಸಿಕ್ ಸಂಬಳದ ಮೇಲೆಯೇ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್. ಬೇಸಿಕ್ 800 ಇದ್ದವನಿಗೆ ಐದು ವರ್ಷಕ್ಕೆ 2,800 ದಿರ್ಹಮ್, 1,400 ಇದ್ದವನಿಗೆ 4,900. ಸೌದಿಗೆ ಹೋಗುವವರು ಇನ್ನೊಂದು ಗಮನಿಸಿ. ಅಲ್ಲಿಯ ಸ್ಕಿಲ್ ಪರೀಕ್ಷೆ ಭಾರತದಲ್ಲೇ ಶುರುವಾದಾಗ ಮೊದಲ ಟ್ರೇಡುಗಳಲ್ಲೇ ಆಟೊ ಇಲೆಕ್ಟ್ರಿಷಿಯನ್ ಇತ್ತು. ಕೆಲಸ ಗೊತ್ತಿಲ್ಲದವನಿಗೆ ಬಾಗಿಲು ಕಿರಿದಾಗುತ್ತಲೇ ಇದೆ.

ಎಲ್ಲ ಮನೆಗೂ ಡಿಪ್ಲೊಮಾ ಸರಿ ಅಂತ ನಾವು ಹೇಳುವುದಿಲ್ಲ. ಉಪ್ಪ ಇಲ್ಲದ ಮನೆ, ಸಾಲ ಬಾಗಿಲಿಗೆ ಬಂದ ಮನೆ, ಅಲ್ಲಿ ನಾಲ್ಕು ವರ್ಷ ಕಾಯುವುದು ಆಗದ ಮಾತು. ಅಂಥವರಿಗೆ ಐಟಿಐ ಸಾಕು. ಐಟಿಐ ಮುಗಿಸಿದವನಿಗೆ ಮುಂದೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರುವ ದಾರಿಯೂ ಉಂಟು, ಡಿಪ್ಲೊಮಾದಿಂದ ಇಂಜಿನಿಯರಿಂಗ್ ಎರಡನೇ ವರ್ಷಕ್ಕೂ ಉಂಟು. ಕರ್ನಾಟಕದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸದು ಮಾಡಿದ್ದಾರೆ, ಇಲೆಕ್ಟ್ರಿಕ್ ವಾಹನದ ಟ್ರೇಡ್ ಕೂಡ ಬಂದಿದೆ. ಆದರೆ ಐಟಿಐಯೂ ಬೇಡ, ಏನೂ ಬೇಡ, ಹದಿನೆಂಟಕ್ಕೆ ಸೀದಾ ವೀಸಾ ಎನ್ನುವ ಮನೆಗೆ ಮಾತ್ರ ನಮ್ಮಲ್ಲಿ ಯಾವ ಸಮಾಧಾನದ ಮಾತೂ ಇಲ್ಲ.

ಕೊನೆಗೆ ನಮ್ಮ ಮನೆಯ ಕಸ. ನಮ್ಮ ಸಂಘ ಪ್ರತಿ ವರ್ಷ ಸ್ಕಾಲರ್‌ಶಿಪ್ ಕೊಡುತ್ತದೆ. ಯಾರಿಗೆ? ಎಂಬಿಬಿಎಸ್‌ಗೆ, ಇಂಜಿನಿಯರಿಂಗಿಗೆ, ರ‍್ಯಾಂಕ್ ಬಂದವರಿಗೆ. ಶಾಲು ಹೊದಿಸುತ್ತೇವೆ, ಸ್ಮರಣಿಕೆ ಕೊಡುತ್ತೇವೆ, ಫೋಟೋ ಈ ಪತ್ರಿಕೆಯಲ್ಲೇ ಹಾಕುತ್ತೇವೆ. ಒಳ್ಳೆಯದೇ. ಆದರೆ ಐಟಿಐಯಲ್ಲಿ ಫಸ್ಟ್ ಕ್ಲಾಸ್ ಬಂದ ಒಬ್ಬ ಹುಡುಗನನ್ನು ನಾವು ಇದುವರೆಗೆ ವೇದಿಕೆಗೆ ಕರೆದದ್ದಿಲ್ಲ. ಮದುವೆ ಸಂಬಂಧ ಹುಡುಕುವಾಗಲೂ ಅಷ್ಟೆ. ಆಫೀಸ್ ಬಾಯ್ ಆದರೂ ಪರವಾಗಿಲ್ಲ, ಇಸ್ತ್ರಿ ಅಂಗಿ ಹಾಕುತ್ತಾನಲ್ಲ, ಮೆಕ್ಯಾನಿಕ್ ಬೇಡ ಎನ್ನುವ ಉಮ್ಮಂದಿರು ನಮ್ಮ ಮನೆಗಳಲ್ಲೇ ಇದ್ದಾರೆ. ಸಂಘದ ಸದಸ್ಯರ ದುಡಿಮೆಯಲ್ಲಿ ದೊಡ್ಡ ಪಾಲು ಗ್ಯಾರೇಜ್, ವರ್ಕ್‌ಶಾಪ್, ಅಂಗಡಿಗಳದ್ದು. ಸಂಘದ ಹಣ ಮಾತ್ರ ಅವರ ಮಕ್ಕಳ ಹತ್ತಿರ ಹೋಗುವುದಿಲ್ಲ.

ಮೊನ್ನೆ ಬಂಟ್ವಾಳದಿಂದ ಫೋನ್ ಮಾಡಿದ ಒಬ್ಬ ತಂದೆಗೆ ನಾವು ಈ ಲೆಕ್ಕವನ್ನೆಲ್ಲ ಒಂದು ಗಂಟೆ ಹೇಳಿದೆವು. ಅವರು ಸುಮ್ಮನೆ ಕೇಳಿದರು. ಎರಡು ದಿನ ಬಿಟ್ಟು ತಾವೇ ಫೋನ್ ಮಾಡಿದರು. "ಹುಡುಗ ಒಪ್ಪಿದ್ದಾನೆ ಕಾಕ. ಅವನ ಉಮ್ಮನೂ ಒಪ್ಪಿದ್ದಾಳೆ. ಐಟಿಐಗೆ ಅರ್ಜಿ ಹಾಕುತ್ತೇವೆ. ಎರಡು ವರ್ಷದ ಬಸ್ಸಿನ ಖರ್ಚು ಮತ್ತೆ ಟೂಲ್ಸಿಗೆ ಸಂಘದಿಂದ ಏನಾದ್ರೂ ಆಗ್ತದಾ?"

ನಮ್ಮ ಸ್ಕಾಲರ್‌ಶಿಪ್ ಫಾರ್ಮು ತೆಗೆದು ನೋಡಿದೆವು. ಅದರಲ್ಲಿ ಐಟಿಐ ಎಂಬ ಕಾಲಮ್ಮೇ ಇಲ್ಲ. ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಇದನ್ನು ಮೊದಲ ವಿಷಯವಾಗಿ ತೆಗೆದುಕೊಳ್ಳಬೇಕೆಂದು ಬರೆದು ಕೊಟ್ಟಿದ್ದೇವೆ. ಆ ಹುಡುಗನ ಮೊದಲ ವರ್ಷದ ಖರ್ಚನ್ನು ಸದ್ಯಕ್ಕೆ ಗ್ಯಾರೇಜಿನ ನಾವು ಮೂವರು ಹಂಚಿಕೊಂಡಿದ್ದೇವೆ. ಎರಡನೇ ವರ್ಷದ್ದು ಬಾಕಿ ಉಂಟು.